ಖಾಲಿ ಬಕೆಟ್ಟಿನ ಆರೈಕೆ

ಬೆಳಿಗ್ಗೆ ಏಳಕ್ಕೆ ಟಿಕೆಟ್ಟಣ್ಣ ಮನೆಯಿಂದ ಹೊರಟನೆಂದರೆ ನೋಡಿದವರಿಗೆ ಅಯ್ಯೋ ಪಾಪ ಅನ್ನಿಸಬೇಕು, ಹಾಗೆ ಹೊರಡುತ್ತಿದ್ದ. ಬಲಗೈಯಲ್ಲಿ ಮುಚ್ಚಳ ಬಿಗಿದ ನೀಲಿ ಬಕೆಟ್ಟು. ಅದರ ಭಾರಕ್ಕೆ ಮೈ ಎಡಕ್ಕೆ ವಾಲಿರುತ್ತಿತ್ತು. ಇಳಿಜಾರಿನ ಬೀದಿಯಲ್ಲಿ ಬೇಕರಿಯ ಎದುರಿಗೆ ಬಂದಾಗ ಅದನ್ನು ಕೆಳಗಿಟ್ಟು, ಸೊಂಟಕ್ಕೆ ಕೈಕೊಟ್ಟು, ಉದ್ದ ಉಸಿರು ಬಿಟ್ಟು, ಎಡಗೈಗೆ ಬದಲಾಯಿಸಿಕೊಳ್ಳುತ್ತಿದ್ದ. ಅಲ್ಲಿಂದ ಮುಂದೆ ಮೈ ಬಲಕ್ಕೆ ವಾಲುತ್ತಿತ್ತು. ಇಷ್ಟು ಜತನದಿಂದ ಹೊತ್ತುಕೊಂಡು ಹೋಗುತ್ತಿದ್ದ ಆ ಬಕೆಟ್ಟಿನಲ್ಲಿ ಏನಿತ್ತು ಎಂದರೆ, ಏನೂ ಇರಲಿಲ್ಲ.

ಇಷ್ಟು ಕೇಳಿದ ಕೂಡಲೇ ಅವನನ್ನು ಮೋಸಗಾರ ಎಂದುಕೊಳ್ಳಬಾರದು. ಸಂಸಾರಸ್ಥ ಮನುಷ್ಯ ಸುಮ್ಮಸುಮ್ಮನೆ ಖಾಲಿ ಬಕೆಟ್ಟು ಹೊರುವುದಿಲ್ಲ.

ಅವನು ಇಪ್ಪತ್ತಾರು ವರ್ಷ ಆಚೆ ದಡಕ್ಕೆ ಹೋಗುವ ದೊಡ್ಡ ದೋಣಿಯಲ್ಲಿ ಟಿಕೆಟ್ ಹರಿದವನು. ಹೆಸರಾಗಿ ಅದೇ ಅಂಟಿಕೊಂಡಿತು. ಒಂದು ದಿನ ದೋಣಿಯ ಬಾಗಿಲಲ್ಲಿ ಒಂದು ಯಂತ್ರ ಬಂದು ನಿಂತಿತು. ಅದು ಟಿಕೆಟ್ಟನ್ನು ಹರಿಯದೆಯೇ ಜನರನ್ನು ಒಳಗೆ ಬಿಡುತ್ತಿತ್ತು. ಟಿಕೆಟ್ಟಣ್ಣ ಮನೆಗೆ ಬಂದು ಕೂತ.

ಆ ಹೊತ್ತಿಗೆ ದ್ವೀಪಕ್ಕೆ ದ್ವೀಪವೇ ಕೆಲಸವಿಲ್ಲದೆ ಕೂತಿತ್ತು. ಅದಕ್ಕೆ ಮುಂಚೆ ಹತ್ತು ವರ್ಷ ಒಂದು ಕಂಪನಿ ಕೊಲ್ಲಿಯ ತುಂಬ ಪಂಜರ ಇಳಿಬಿಟ್ಟು ಮೀನು ಸಾಕಿತ್ತು. ಊರಿನವರೇ ಕೂಲಿಗೆ ಹೋಗಿ ಮೂಟೆಗಟ್ಟಲೆ ಮೇವು ಎರಚಿದ್ದರು. ಮೀನು ತಿಂದಷ್ಟು ತಿಂದು, ಮಿಕ್ಕಿದ್ದು ತಳಕ್ಕಿಳಿದು ಕೊಳೆತು, ಕಡಲ ತಳದ ಹುಲ್ಲು ಸತ್ತು, ನೀರು ಪಾತ್ರೆ ತೊಳೆದ ನೀರಿನಂತಾಯಿತು. ಕಂಪನಿ ಪಂಜರ ಬಿಚ್ಚಿಕೊಂಡು ಬೇರೆ ಕೊಲ್ಲಿ ಹುಡುಕಿಕೊಂಡು ಹೋಯಿತು. ಕೊಳೆಯನ್ನು ಮಾತ್ರ ಧಾರಾಳವಾಗಿ ಊರಿಗೇ ಬಿಟ್ಟುಹೋಯಿತು. ಮೀನು ಪ್ಯಾಕ್ ಮಾಡುವ ಶೆಡ್ಡಿಗೆ ಬೀಗ ಬಿತ್ತು. ತಿಂಗಳಿಗೆ ಒಂದೆರಡು ಮನೆಯವರು ಪಾತ್ರೆಪಗಡ ಕಟ್ಟಿಕೊಂಡು ದೋಣಿ ಹತ್ತತೊಡಗಿದರು.

ಆಗ ಬಂದವರು ನೀರಿನ ಆಫೀಸರು. ತೆಳ್ಳಗಿನ, ಮೆಲುಮಾತಿನ ಮನುಷ್ಯ. ಊರಿನ ಸಹಕಾರ ಸಂಘದ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: "ಕೊಲ್ಲಿಯಲ್ಲಿ ಡ್ರಮ್ಮು ತೇಲಿಬಿಡಿ. ಡ್ರಮ್ಮಿಗೆ ಹಗ್ಗ ಕಟ್ಟಿ ಇಳಿಬಿಡಿ. ಒಂದು ಹಗ್ಗದಲ್ಲಿ ಕಪ್ಪೆಚಿಪ್ಪು, ಪಕ್ಕದ ಹಗ್ಗದಲ್ಲಿ ಕಡಲಪಾಚಿ. ಚಿಪ್ಪು ನೀರು ಕುಡಿದು, ಅದರಲ್ಲಿರೋ ಸಣ್ಣ ಕಣಗಳನ್ನ ತಿಂದು, ನೀರನ್ನ ಸೋಸಿ ಬಿಡುತ್ತೆ. ಪಾಚಿ ನೀರಲ್ಲಿ ಕರಗಿರೋ ಕೊಳೆಯನ್ನೇ ಉಂಡು ಬೆಳೆಯುತ್ತೆ. ನೀರು ತಿಳಿಯಾದ್ರೆ ತಳಕ್ಕೆ ಬಿಸಿಲು ಬೀಳುತ್ತೆ, ಹುಲ್ಲು ಬರುತ್ತೆ, ಹುಲ್ಲಿಗೆ ಮರಿಮೀನು ಬರುತ್ತೆ. ನೀವು ಮೇವು ಹಾಕಬಾರದು, ಮದ್ದು ಹಾಕಬಾರದು, ಗೊಬ್ಬರ ಹಾಕಬಾರದು."

"ಮತ್ತೆ ನಾವೇನು ಮಾಡಬೇಕು ಸಾರ್?" ಎಂದು ಬೇಕರಿಯವನು ಕೇಳಿದ.

"ಹಗ್ಗ ಕಟ್ಟಿದ ಮೇಲೆ, ಕಿತ್ತು ತೆಗೆಯೋ ತನಕ, ಹೆಚ್ಚುಕಡಿಮೆ ಏನೂ ಇಲ್ಲ."

ಹತ್ತು ವರ್ಷ ಮೇವು ಎರಚಿ ತೋಳು ಪಳಗಿದ ಜನ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆದರೂ ಮನೆಗೆ ಹತ್ತು ಹಗ್ಗದಂತೆ ಹಂಚಿಕೆಯಾಯಿತು. ಎಲ್ಲರೂ ದಡದ ಹತ್ತಿರದ ಜಾಗ ಹಿಡಿದು, ಕೊಲ್ಲಿಯ ಬಾಯಲ್ಲಿ ಅಲೆ ಬಡಿಯುವ ಮೂಲೆಯನ್ನು ಟಿಕೆಟ್ಟಣ್ಣನಿಗೆ ಬಿಟ್ಟರು. ಮುಚ್ಚಿದ ಶೆಡ್ಡಿನ ಬೀಗ ತೆಗೆದು ಅಲ್ಲಿ ಪಾಚಿ ಒಣಗಿಸುವ ಅಟ್ಟಣಿಗೆ ಹಾಕಿದರು. ಟಿಕೆಟ್ಟಣ್ಣನ ಹೆಂಡತಿ ಆ ಶೆಡ್ಡಿನ ಮೇಸ್ತ್ರಿಯಾದಳು. ಅವಳ ಕೈಕೆಳಗೆ ಒಂಬತ್ತು ಹೆಂಗಸರು. ಊರು ಬಿಡಬೇಕೆಂದು ಗಂಟುಮೂಟೆ ಕಟ್ಟಿಟ್ಟಿದ್ದ ಮನೆಗಳಲ್ಲಿ ಕೆಲವರು ಗಂಟು ಬಿಚ್ಚಿದರು.

ಅಷ್ಟರಲ್ಲಿ ಆಚೆ ದಡದಿಂದ ಅತ್ತೆ ಬಂದರು. ಎಂಟು ದಿನಕ್ಕೆಂದು ಬಂದವರಿಗೆ ಎಂಟು ದಿನ ಮುಗಿದದ್ದು ಗೊತ್ತೇ ಆಗಲಿಲ್ಲ. ದೊಡ್ಡ ಮಗಳದ್ದು ಆಚೆ ದಡದಲ್ಲಿ ಇಸ್ತ್ರಿ ಅಂಗಡಿ. ಚಿಕ್ಕ ಮಗಳನ್ನೂ ಅಳಿಯನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ ಒಂದು ದಾರಿ ಕಾಣಿಸಿಬಿಡಬೇಕು ಎಂಬುದು ಅವರ ಹಟ. ಒಂದು ಸಂಜೆ ಅವರು ಅಳಿಯನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು.

"ಅಳಿಯಂದ್ರೇ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಬೆಳಿಗ್ಗೆಯಿಂದ ಸಂಜೆ ತನಕ ನೀವು ಏನು ಮಾಡ್ತೀರಿ?"

"ಕಪ್ಪೆಚಿಪ್ಪು ಸಾಕ್ತೀನಿ ಅತ್ತೆ."

"ಮೇವು ಹಾಕ್ತೀರಾ?"

"ಇಲ್ಲ. ಹಾಕಬಾರದು."

"ನೀರು ಕುಡಿಸ್ತೀರಾ?"

"ಅವು ನೀರಲ್ಲೇ ಇರ್ತವಲ್ಲ."

"ಗೂಡು ಗುಡಿಸ್ತೀರಾ?"

"ಗೂಡಿಲ್ಲ. ಹಗ್ಗ."

ಅತ್ತೆ ಮಂಡಿಗೆ ಕೈಯೂರಿದರು. "ಹಾಗಾದ್ರೆ ಅವೇ ನಿಮ್ಮನ್ನ ಸಾಕ್ತಿವೆ ಅನ್ನಿ," ಎಂದು ಎದ್ದು ಹೋದರು. ಬಾಗಿಲ ಬಳಿ ತಿರುಗಿ, "ಸುಗ್ಗಿ ತನಕ ನೋಡ್ತೀನಿ. ಆಮೇಲೆ ನನ್ನ ಮಗಳು ನನ್ನ ಜೊತೆ ದೋಣಿ ಹತ್ತುತ್ತಾಳೆ. ನೀವು ಬರೋದು ಬಿಡೋದು ನಿಮಗೆ ಬಿಟ್ಟಿದ್ದು," ಎಂದರು.

ಮಾರನೆಯ ಬೆಳಿಗ್ಗೆಯೇ ಬಕೆಟ್ಟು ಶುರುವಾಯಿತು.

"ಮೇವು ಹಾಕಬಾರದು ಅಂದ್ರಲ್ಲ?" ಎಂದು ಅತ್ತೆ ಕೇಳಿದರು.

"ಇದು ಮೇವಲ್ಲ ಅತ್ತೆ. ಇದು..." ಟಿಕೆಟ್ಟಣ್ಣ ಮುಚ್ಚಳ ಒತ್ತಿಹಿಡಿದುಕೊಂಡ. "ಆರೈಕೆ."

ಸಣ್ಣ ದೋಣಿಯನ್ನು ಕೊಲ್ಲಿಯ ಬಾಯಿಗೆ ಹುಟ್ಟು ಹಾಕಿಕೊಂಡು ಹೋಗಿ, ದಡದಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿ, ಇದ್ದರೆ ಮಾತ್ರ ಮುಚ್ಚಳ ತೆಗೆದು, ಬಕೆಟ್ಟಿಗೆ ಕೈಹಾಕಿ, ಗಾಳಿಯನ್ನು ಹಿಡಿಹಿಡಿಯಾಗಿ ಎತ್ತಿ ಎರಚುತ್ತಿದ್ದ. ಹಗ್ಗಕ್ಕೊಂದು ಹಿಡಿ. ಹತ್ತು ಹಗ್ಗ ಮುಗಿದ ಮೇಲೆ, ಕೈ ಕೊಡವಿಕೊಳ್ಳುವಂತೆ ಇನ್ನೊಂದು ಹಿಡಿ. ಆಮೇಲೆ ಹೊರಲಾರದ ಭಾರ ಇಳಿದವನಂತೆ ಹಗುರಾಗಿ ಮನೆಗೆ ಬರುತ್ತಿದ್ದ. ಆ ಹಗುರ ಮಾತ್ರ ನಟನೆಯಲ್ಲ.

ಇದನ್ನು ಸಂಘದ ಅಧ್ಯಕ್ಷರಾದ ನಿವೃತ್ತ ಹೆಡ್ಮಾಸ್ಟರು ತಮ್ಮ ಮಹಡಿಯಿಂದ ದುರ್ಬೀನು ಹಿಡಿದು ನೋಡುತ್ತಿದ್ದರು. ಮೂವತ್ತು ವರ್ಷ ಪರೀಕ್ಷಾ ಕೋಣೆಯಲ್ಲಿ ಕಾವಲು ಕಾದ ಕಣ್ಣು ಅದು. ವಾರದ ಕೊನೆಗೆ ಅವರು ಬೇಕರಿಯಲ್ಲಿ ಟೀ ಕುಡಿಯುತ್ತ, ಗುಟ್ಟು ಹೇಳುವ ದನಿಯಲ್ಲಿ, ಅಲ್ಲಿದ್ದ ಎಲ್ಲರಿಗೂ ಹೇಳಿದರು: "ಹನ್ನೊಂದು ಹಿಡಿ."

"ಹಗ್ಗ ಹತ್ತೇ ಅಲ್ವಾ ಮೇಷ್ಟ್ರೇ?"

"ಅದೇ ನನಗೂ ತಿಳೀತಿಲ್ಲ. ಹನ್ನೊಂದನೇದರಲ್ಲೇ ಏನೋ ಇದೆ."

ಎರಡು ತಿಂಗಳಲ್ಲಿ ಟಿಕೆಟ್ಟಣ್ಣನ ಹಗ್ಗ ಎತ್ತಿ ನೋಡಿದರೆ ಚಿಪ್ಪುಗಳು ಹೆಬ್ಬೆರಳು ಗಾತ್ರ ಮೀರಿದ್ದವು. ಉಳಿದವರದ್ದು ಇನ್ನೂ ಉಗುರಿನಷ್ಟು. ಮುಗಿಯಿತಲ್ಲ. ಬೇಕರಿಯವನು ಮನೆಗೇ ಬಂದ.

"ಟಿಕೆಟ್ಟಣ್ಣ, ನಾವು ಒಟ್ಟಿಗೆ ಓದಿದೋರು. ಬಕೆಟ್ಟಲ್ಲಿ ಏನಿದೆ ಹೇಳಿಬಿಡು."

"ಏನಿಲ್ಲ ಕಣೋ," ಎಂದ ಟಿಕೆಟ್ಟಣ್ಣ. ಅವನು ಆ ತಿಂಗಳು ಆಡಿದ ಒಂದೇ ಸತ್ಯ ಅದು. ಬೇಕರಿಯವನು ಅದನ್ನು ಅವಮಾನವೆಂದು ತಿಳಿದು ಎದ್ದು ಹೋದ.

ಹೋದವನು ಸುಮ್ಮನಿರಲಿಲ್ಲ. ಹಳಸಿದ ಬ್ರೆಡ್ಡು ಪುಡಿಮಾಡಿ, ಹಗ್ಗಕ್ಕೊಂದರಂತೆ ಹತ್ತು ಹಿಡಿ, ಮೇಲೊಂದು ಹಿಡಿ ಎರಚತೊಡಗಿದ. ಅವನನ್ನು ನೋಡಿ ಪಕ್ಕದವರು ತೌಡು ಹಾಕಿದರು. ಅವರಾಚೆಯವರು ಮೊಟ್ಟೆಯ ಚಿಪ್ಪು ಅರೆದು ಹಾಕಿದರು. ಒಬ್ಬಾಕೆ ಬಿಸಿ ಗಂಜಿ ಆರಿಸಿಕೊಂಡು ತಂದು ಹೊಯ್ದಳು. ಇದು ನಿಯಮಕ್ಕೆ ವಿರುದ್ಧವಲ್ಲವೇ ಎಂದು ಯಾರೋ ಕೇಳಿದ್ದಕ್ಕೆ ಹೆಡ್ಮಾಸ್ಟರು ನಿಯಮದ ಪುಸ್ತಕ ತರಿಸಿ, ಕನ್ನಡಕ ಏರಿಸಿ, "ಇಲ್ಲಿ ಮೇವು ಅಂತಿದೆ. ಆರೈಕೆ ಅಂತ ಎಲ್ಲೂ ಇಲ್ಲ," ಎಂದು ತೀರ್ಪು ಕೊಟ್ಟರು. ಮಾರನೆಯ ದಿನದಿಂದ ಅವರದ್ದೂ ಒಂದು ಬಕೆಟ್ಟು ಹೊರಟಿತು. ಟಿಕೆಟ್ಟಣ್ಣನಿಗೆ ಇದೆಲ್ಲ ಕಾಣುತ್ತಿತ್ತು. ಇವತ್ತು ಹೇಳಿಬಿಡೋಣ, ನಾಳೆ ಹೇಳಿಬಿಡೋಣ ಎಂದುಕೊಳ್ಳುತ್ತ ಅವನು ತನ್ನ ಖಾಲಿ ಬಕೆಟ್ಟು ಎತ್ತಿಕೊಂಡು ಅವರೆಲ್ಲರ ಸಾಲಿನಲ್ಲಿ ಮುಂದೆ ನಡೆಯುತ್ತಿದ್ದ.

ನೀರಿನ ಆಫೀಸರು ಪ್ರತಿ ತಿಂಗಳು ಬಂದು ಕೊಲ್ಲಿಯ ನಡುವೆ ಒಂದು ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸುವರು. ತಟ್ಟೆ ಎಷ್ಟು ಆಳದ ತನಕ ಕಣ್ಣಿಗೆ ಕಾಣುತ್ತದೋ ನೀರು ಅಷ್ಟು ತಿಳಿ ಎಂದು ಲೆಕ್ಕ. ಮೊದಲು ಎರಡು ಮಾರು ಇತ್ತು, ಆಮೇಲೆ ಎರಡೂವರೆ. ಆ ತಿಂಗಳು ಇಳಿಸಿದರೆ ಒಂದೂವರೆ ಮಾರಿಗೇ ತಟ್ಟೆ ಕಣ್ಮರೆಯಾಯಿತು. ಆಫೀಸರು ಮತ್ತೆ ಇಳಿಸಿದರು. ಮತ್ತೆ ಒಂದೂವರೆ. ಮಾರನೆಯ ಬೆಳಿಗ್ಗೆ ಹತ್ತಕ್ಕೆ ಸಂಘದ ಕೋಣೆಯಲ್ಲಿ ಸಭೆ ಕರೆದರು.

ಅತ್ತೆ ಆ ಸಭೆಗೆ ಎಲ್ಲರಿಗಿಂತ ಮುಂಚೆ ಹೋದರು. ಬೇಕರಿಯವನ ಹಳೆಯ ಬಿಸ್ಕತ್ತಿನ ಗಾಜಿನ ಭರಣಿಯಲ್ಲಿ ದೋಣಿ ಕಟ್ಟುವ ಧಕ್ಕೆಯ ಮೆಟ್ಟಿಲ ಬಳಿಯ ಬೂದುಬಣ್ಣದ ನೀರು ತುಂಬಿಕೊಂಡಿದ್ದರು. ಅಲ್ಲೇ ಒಂದು ಹಗ್ಗದಿಂದ ಕಿತ್ತ ಏಳೆಂಟು ಚಿಪ್ಪೂ ಅದರಲ್ಲಿದ್ದವು. ಭರಣಿಯನ್ನು ಮೇಜಿನ ಮೇಲೆ ಹೆಡ್ಮಾಸ್ಟರ ಕೈಗೆಟುಕುವಂತೆ ಇಟ್ಟು, "ಆಫೀಸರು ಕಣ್ಣಾರೆ ನೋಡಲಿ. ಇಂಥ ನೀರು ನಂಬಿಕೊಂಡು ನನ್ನ ಮಗಳು ಬದುಕಬೇಕಾ," ಎಂದು ಮೊದಲ ಸಾಲಿನಲ್ಲಿ ಕೂತರು.

ಆಫೀಸರು ನಿಂತುಕೊಂಡೇ ಹೇಳಿದರು: "ಎರಡು ಮಾರಿಗಿಂತ ಕಡಿಮೆ ಆದ್ರೆ ಪರವಾನಗಿ ರದ್ದು ಮಾಡಬೇಕು. ಹಗ್ಗ ಬಿಚ್ಚಬೇಕು, ಶೆಡ್ಡು ಮುಚ್ಚಬೇಕು. ನೀರಿಗೆ ಏನು ಹಾಕ್ತಿದ್ದೀರಿ ಅಂತ ನನಗೆ ಗೊತ್ತಾಗಬೇಕು."

ಶೆಡ್ಡಿನ ಹೆಂಗಸರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಟಿಕೆಟ್ಟಣ್ಣ ತಿರುಗಿ ಹೆಂಡತಿಯ ಮುಖ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಪಾಚಿಯ ಹಸಿರು ಹಿಡಿದ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು.

ಕೋಣೆಯಲ್ಲಿದ್ದ ನಲವತ್ತು ಜನರ ಬೆರಳು ಟಿಕೆಟ್ಟಣ್ಣನ ಕಡೆ ತಿರುಗಿತು. "ಇವರನ್ನ ಕೇಳಿ ಸಾರ್," ಎಂದ ಬೇಕರಿಯವನು. "ಇವರದ್ದೇ ಮೊದಲನೇ ಬಕೆಟ್ಟು."

ಟಿಕೆಟ್ಟಣ್ಣ ಎದ್ದು ನಿಂತ. ದೋಣಿಯಲ್ಲಿ ಅಲೆ ಹೊಡೆದಾಗ ಹಿಡಿದುಕೊಳ್ಳುತ್ತಿದ್ದ ಹಾಗೆ ಮುಂದಿನ ಬೆಂಚು ಹಿಡಿದುಕೊಂಡ.

"ಅದು ಖಾಲಿ ಬಕೆಟ್ಟು ಸಾರ್."

ಸಭೆ ನಗಲಿಲ್ಲ. ನಕ್ಕು ಬಿಡಲಾಗದಷ್ಟು ದೊಡ್ಡ ಅಪರಾಧ ಅವರಿಗೆ ಕಂಡಿತ್ತು.

"ಈಗಲೂ ಗುಟ್ಟು ಬಿಡ್ತಿಲ್ಲ ನೋಡಿ," ಎಂದರು ಹೆಡ್ಮಾಸ್ಟರು. "ನಾನು ಕಣ್ಣಾರೆ ಎಣಿಸಿದ್ದೀನಿ. ಹನ್ನೊಂದು ಹಿಡಿ."

"ಹನ್ನೊಂದು ಹಿಡಿ ಹೌದು ಮೇಷ್ಟ್ರೇ. ಹಿಡಿಯಲ್ಲಿ ಏನೂ ಇರಲಿಲ್ಲ."

"ಖಾಲಿ ಬಕೆಟ್ಟಿಗೆ ಮುಚ್ಚಳ ಯಾಕಣ್ಣ?" ಬೇಕರಿಯವನು ಕೇಳಿದ.

"ಖಾಲಿ ಅಂತ ಕಾಣಬಾರದು ಅಂತ."

ಹೆಂಡತಿ ಹಿಂದಿನಿಂದ ಎದ್ದಳು. "ಆ ಬಕೆಟ್ ನಂದು ಸಾರ್. ಬಟ್ಟೆ ನೆನೆಸೋದು. ದಿನಾ ಎಂಟೂವರೆಗೆ ವಾಪಸ್ ಬರುತ್ತೆ, ನಾನು ಬಟ್ಟೆ ಹಾಕ್ತೀನಿ. ಒಂದು ದಿನಾನೂ ಅದರಲ್ಲಿ ತೌಡಿನ ಕಣ ಕಂಡಿಲ್ಲ."

"ಗೊತ್ತಿದ್ದೂ ಸುಮ್ನಿದ್ದೆಯಾ?" ಎಂದರು ಅತ್ತೆ.

"ಬೆಳಿಗ್ಗೆ ಎದ್ದು ಸ್ನಾನ ಮಾಡಿ ಹೊರಗೆ ಹೋಗ್ತಿದ್ರಲ್ಲಮ್ಮ. ಟಿಕೆಟ್ ಕೆಲಸ ಹೋದ ಮೇಲೆ ಅಷ್ಟೂ ಇರಲಿಲ್ಲ. ಹೋಗಲಿ ಅಂತ ಬಿಟ್ಟೆ."

ಟಿಕೆಟ್ಟಣ್ಣ ಕೂತುಕೊಂಡ.

ಆಮೇಲೆ ನಡೆದದ್ದನ್ನು ಸಭೆ ಎನ್ನುವುದು ಕಷ್ಟ. ಅವಳು ಗಂಡನ ಪರ ಹೇಳುತ್ತಾಳೆ ಎಂದರು ಕೆಲವರು. ಖಾಲಿ ಬಕೆಟ್ಟಿಗೆ ಚಿಪ್ಪು ದಪ್ಪವಾಗುವುದು ಹೇಗೆ ಎಂದರು ಕೆಲವರು. ತೌಡಿನವರು ಬ್ರೆಡ್ಡಿನವರನ್ನೂ, ಬ್ರೆಡ್ಡಿನವರು ಗಂಜಿಯವಳನ್ನೂ ದೂರಿದರು. ಎದ್ದು ಹೋದರೆ ತನ್ನ ಬೆನ್ನ ಹಿಂದೆ ಏನು ಹೇಳುವರೋ ಎಂಬ ಹೆದರಿಕೆಯಿಂದ ಊಟದ ಹೊತ್ತಾದರೂ ಒಬ್ಬರೂ ಕೋಣೆ ಬಿಟ್ಟು ಕದಲಲಿಲ್ಲ. ಮಧ್ಯಾಹ್ನ ಎರಡಾಯಿತು. ನಾಲ್ಕು ಗಂಟೆ ಎಡೆಬಿಡದೆ ಶಿಸ್ತಿನ ಬಗ್ಗೆ ಮಾತಾಡಿದ ಹೆಡ್ಮಾಸ್ಟರ ಗಂಟಲು ಒಣಗಿತು. ಮಾತು ನಿಲ್ಲಿಸದೆಯೇ ಕೈಚಾಚಿ, ಪಕ್ಕದಲ್ಲಿದ್ದ ನೀರನ್ನು ಎತ್ತಿ ಬಾಯಿಗಿಟ್ಟರು.

ಅವರ ಹಲ್ಲಿಗೆ ಏನೋ ಟಣ್ಣೆಂದು ತಗುಲಿತು.

"ಮೇಷ್ಟ್ರೇ," ಎಂದಳು ಗಂಜಿಯವಳು ಮೆಲ್ಲಗೆ, "ಅದು ಕುಡಿಯೋ ನೀರಲ್ಲ."

ಹೆಡ್ಮಾಸ್ಟರು ಭರಣಿಯನ್ನು ಕೆಳಗಿಟ್ಟರು. ನೀರು ಕನ್ನಡಕದ ಗಾಜಿನಂತಿತ್ತು. ಆಚೆ ಬದಿಯಲ್ಲಿ ಕೂತಿದ್ದ ಅತ್ತೆಯ ಮುಖ ಅದರ ಮೂಲಕ ಮೂಗುತಿ ಸಮೇತ ಕಾಣುತ್ತಿತ್ತು.

"ಯಾರೋ ನೀರು ಬದಲಾಯಿಸಿದ್ದಾರೆ," ಎಂದರು ಅತ್ತೆ.

ಎಲ್ಲರೂ ಎಲ್ಲರನ್ನೂ ಅನುಮಾನದಿಂದ ನೋಡಿದರು. ಆದರೆ ಬೆಳಿಗ್ಗೆಯಿಂದ ಯಾರೂ ಎದ್ದಿರಲಿಲ್ಲ. ಅದಕ್ಕೆ ಎಲ್ಲರೂ ಎಲ್ಲರಿಗೂ ಸಾಕ್ಷಿ. ಆಫೀಸರು ಬಾಗಿ ಭರಣಿ ನೋಡಿದರು. ಚಿಪ್ಪುಗಳು ತುಟಿ ಬಿಟ್ಟಂತೆ ಒಂದು ಕೂದಲೆಳೆಯಷ್ಟು ತೆರೆದಿದ್ದವು. ತಳದಲ್ಲಿ, ಅವು ಬೇಡವೆಂದು ಉಗುಳಿದ ಕೊಳೆ ಸಣ್ಣ ಎಳೆಗಳಾಗಿ ಕೂತಿತ್ತು.

"ಯಾರೂ ಬದಲಾಯಿಸಿಲ್ಲಮ್ಮ," ಎಂದರು ಅವರು. "ಇವೇ ಸೋಸಿವೆ."

ಅತ್ತೆ ಎದ್ದು ಮೇಜಿನ ಹತ್ತಿರ ಬಂದರು. ಬಗ್ಗಿ, ಭರಣಿಯ ಒಂದು ಬದಿಯಿಂದ ನೋಡಿದರು, ಇನ್ನೊಂದು ಬದಿಯಿಂದ ನೋಡಿದರು.

"ಬೆಳಿಗ್ಗೆಯಿಂದ ನಾವು ನಲವತ್ತು ಜನ ಮಾತಾಡಿದ್ವಿ," ಎಂದರು ಕೊನೆಗೆ. "ಕೆಲಸ ಮಾಡಿದ್ದು ಇವು ಮಾತ್ರ."

ಆಗ ಆಫೀಸರು ಬಿಡಿಸಿ ಹೇಳಿದರು. ಟಿಕೆಟ್ಟಣ್ಣನ ಜಾಗ ಕೊಲ್ಲಿಯ ಬಾಯಲ್ಲಿದೆ, ದಿನಕ್ಕೆರಡು ಸಲ ಹೊಸ ನೀರು ಹಾಯುತ್ತದೆ, ಅದಕ್ಕೇ ಅವನ ಚಿಪ್ಪು ದಪ್ಪ. ಬ್ರೆಡ್ಡು, ತೌಡು, ಗಂಜಿ ಇವೆಲ್ಲ ಚಿಪ್ಪಿನ ಬಾಯಿಗೆ ಹೋಗದೆ ತಳಕ್ಕೆ ಹೋಗಿ ಕೊಳೆಯುತ್ತಿವೆ, ಪಂಜರದ ಕಾಲದಲ್ಲಿ ಆದ ಹಾಗೆಯೇ. "ಎರಡು ತಿಂಗಳು ಅವಕಾಶ ಕೊಡ್ತೀನಿ. ಅಷ್ಟು ದಿನ ಯಾರೂ ಏನೂ ಮಾಡಬಾರದು. ಮಾಡದ ಹಾಗೆ ನೋಡಿಕೊಳ್ಳೋಕೆ ಒಬ್ಬರು ಬೇಕು."

"ಟಿಕೆಟ್ಟಣ್ಣನಿಗೆ ಅನುಭವ ಇದೆ," ಎಂದ ಬೇಕರಿಯವನು. ಅವನು ಚುಚ್ಚುವುದಕ್ಕೇ ಹೇಳಿದ್ದು. ಆದರೆ ಆಫೀಸರು ಅದನ್ನು ಹಾಗೆಯೇ ಬರೆದುಕೊಂಡರು.

ಹೀಗೆ ಟಿಕೆಟ್ಟಣ್ಣನಿಗೆ ಊರಿನ ಅತ್ಯಂತ ಕಷ್ಟದ ಹುದ್ದೆ ಸಿಕ್ಕಿತು. ಬೆಳಿಗ್ಗೆ ಏಳಕ್ಕೆ ಬರಿಗೈಯಲ್ಲಿ, ನೆಟ್ಟಗೆ ನಡೆದುಕೊಂಡು ಹೋಗಿ ಧಕ್ಕೆಯ ಮೇಲೆ ಕೂರುವನು. ಗಂಜಿಯವಳು ಸೆರಗಿನಡಿ ಪಾತ್ರೆ ತಂದಳು. ವಾಪಸು ಕಳಿಸಿದ. ಹೆಡ್ಮಾಸ್ಟರು ವಾಯುವಿಹಾರಕ್ಕೆಂದು ದೋಣಿ ಕೇಳಿದರು. "ಜೇಬು ತೋರಿಸಿ ಮೇಷ್ಟ್ರೇ," ಎಂದ. ಜೇಬಿನಿಂದ ತೌಡು ಉದುರಿತು. ಮೂವತ್ತು ವರ್ಷ ಬೇರೆಯವರ ಜೇಬು ತಡಕಿದವರು ತಲೆತಗ್ಗಿಸಿ ಮನೆಗೆ ಹೋದರು.

ಒಂದು ಮಧ್ಯಾಹ್ನ ಬೇಕರಿಯವನು ಬಂದು ಪಕ್ಕದಲ್ಲಿ ಕೂತ. ಕೈಯಲ್ಲಿ ಕಾಗದದ ಪೊಟ್ಟಣ.

"ಹಾಕಲ್ಲ ಅಣ್ಣ. ಸುಮ್ನೆ ತಂದೆ." ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ, "ಅವು ಹಸಿದಿದ್ರೆ?"

"ಹಸಿದಿಲ್ಲ."

"ನಿಂಗೆ ಹೆಂಗೆ ಗೊತ್ತು?"

"ಗೊತ್ತಿಲ್ಲ ಕಣೋ. ದಿನಾ ನನಗೂ ಅದೇ ಅನ್ನಿಸುತ್ತೆ. ನಾನು ಏನಾದ್ರೂ ಮಾಡದೆ ಇದ್ರೆ ಏನೂ ನಡೆಯಲ್ಲ ಅಂತ." ಟಿಕೆಟ್ಟಣ್ಣ ನೀರನ್ನೇ ನೋಡುತ್ತಿದ್ದ. "ಟಿಕೆಟ್ ಕೆಲಸ ಹೋಗಿ ನಾನು ಇಳಿದ ಮಾರನೇ ದಿನಾನೂ ದೋಣಿ ಸರಿಯಾದ ಟೈಮಿಗೇ ಹೊರಡ್ತು. ಇಲ್ಲೇ ನಿಂತು ನೋಡಿದೆ."

ಬೇಕರಿಯವನು ಪೊಟ್ಟಣ ಬಿಚ್ಚಿದ. ಇಬ್ಬರೂ ಬ್ರೆಡ್ಡನ್ನು ಹಂಚಿಕೊಂಡು ತಿಂದರು. ಚೂರು ನೀರಿಗೆ ಬೀಳದಂತೆ ಅಂಗೈ ಅಡ್ಡ ಹಿಡಿದುಕೊಂಡಿದ್ದರು.

ಎರಡು ತಿಂಗಳು ಮುಗಿದ ದಿನ ಆಫೀಸರು ಬಂದರು. ದೋಣಿಯಲ್ಲಿ ಅವರು, ಹೆಡ್ಮಾಸ್ಟರು, ಹುಟ್ಟು ಹಾಕಲು ಟಿಕೆಟ್ಟಣ್ಣ. ಅತ್ತೆ ಯಾರು ಬೇಡವೆಂದರೂ ಕೇಳದೆ ಹತ್ತಿ ನಡುವೆ ಕೂತರು. ದಡದ ಮೇಲೆ ಶೆಡ್ಡಿನ ಹೆಂಗಸರು ಹಸಿ ಪಾಚಿಯ ಬುಟ್ಟಿ ಇಳಿಸದೆಯೇ ನಿಂತಿದ್ದರು. ಶೆಡ್ಡು ಉಳಿಯುತ್ತದೋ, ಸಂಜೆಯೇ ಬೀಗ ಬೀಳುತ್ತದೋ ಎಂಬುದು ಆ ತಟ್ಟೆಯಲ್ಲಿತ್ತು.

ತಟ್ಟೆ ಇಳಿಯಿತು. ಒಂದೂವರೆ ಮಾರು. ಕಾಣುತ್ತಿತ್ತು. ಎರಡು. ಕಾಣುತ್ತಿತ್ತು. ಮೂರು ಮಾರಿಗೆ ಹೆಡ್ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಾಲ್ಕನೆಯ ಮಾರಿಗೆ ಹಗ್ಗ ಸಡಿಲವಾಯಿತು. ತಟ್ಟೆ ತಳ ಮುಟ್ಟಿ, ಎಳೆ ಹುಲ್ಲಿನ ನಡುವೆ ಓರೆಯಾಗಿ ಕೂತು, ಬೆಳ್ಳಗೆ ಕಾಣುತ್ತಲೇ ಇತ್ತು.

ಆಫೀಸರು ಫಾರಮ್ಮು ಹಿಡಿದು ಪೇಚಿಗೆ ಸಿಲುಕಿದರು. "ತಟ್ಟೆ ಕಾಣದಾದ ಆಳ ಅಂತ ಇದರಲ್ಲಿ ಕೇಳಿದ್ದಾರೆ. ಕಾಣದೆ ಹೋಗ್ತಾನೇ ಇಲ್ಲ."

"ಸೊನ್ನೆ ಹಾಕಿ," ಎಂದರು ಹೆಡ್ಮಾಸ್ಟರು.

"ಸೊನ್ನೆ ಹಾಕಿದ್ರೆ ಪರವಾನಗಿ ಹೋಗುತ್ತೆ ಮೇಷ್ಟ್ರೇ."

"ಕಾಣ್ತಿದೆ ಅಂತಾನೇ ಬರೀರಪ್ಪ," ಎಂದರು ಅತ್ತೆ ದೋಣಿಯಂಚಿಗೆ ಗಲ್ಲ ಊರಿಕೊಂಡು. "ಪೊರೆ ಬಂದ ಕಣ್ಣು ನಂದು. ನನಗೇ ಕಾಣ್ತಿದೆ."

ಆಫೀಸರು ಹಾಗೆಯೇ ಬರೆದು, ಹಗ್ಗ ಎಳೆಯಲು ಕೈಹಾಕಿದರು. ಟಿಕೆಟ್ಟಣ್ಣ ಅವರ ಮಣಿಕಟ್ಟು ಹಿಡಿದ. ಅಧಿಕಾರಿಯ ಕೈ ಹಿಡಿದದ್ದು ಅವನ ಜೀವಮಾನದಲ್ಲೇ ಮೊದಲು.

"ತಡೀರಿ ಸಾರ್. ತಟ್ಟೆ ಮೇಲೆ ಮರಿಮೀನು ಬಂದಿದೆ."

ನಾಲ್ವರೂ ಬಗ್ಗಿ ನೋಡಿದರು. ಬೆರಳುದ್ದದ ಒಂದು ಮೀನು ತಟ್ಟೆಯ ಅಂಚಿನಲ್ಲಿ ನಿಂತು, ಅದು ಏನು ಎಂದು ವಿಚಾರಿಸುತ್ತಿತ್ತು. ಆಮೇಲೆ ಇನ್ನೊಂದು ಬಂತು. ಯಾರೂ ಕದಲಲಿಲ್ಲ. ಅತ್ತೆ ಕೂಡ ಕೆಮ್ಮು ತಡೆದುಕೊಂಡರು.

ದಡದ ಮೇಲೆ ಗಂಜಿಯವಳಿಗೆ ಕಾಲು ನಿಲ್ಲಲಿಲ್ಲ. "ಏನಾಯ್ತೇ? ಯಾರೂ ಅಲ್ಲಾಡ್ತಾನೇ ಇಲ್ಲ. ಫೇಲಾಯ್ತಾ?"

ಟಿಕೆಟ್ಟಣ್ಣನ ಹೆಂಡತಿ ಬಿಸಿಲಿಗೆ ಕೈ ಅಡ್ಡ ಹಿಡಿದು, ನಿಂತ ದೋಣಿಯನ್ನೂ ಬಗ್ಗಿದ ನಾಲ್ಕು ಬೆನ್ನುಗಳನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಬುಟ್ಟಿಯನ್ನು ಸೊಂಟಕ್ಕೆ ಸರಿಪಡಿಸಿಕೊಂಡು ಶೆಡ್ಡಿನ ಕಡೆ ತಿರುಗಿದಳು.

"ಏನಾಗಿಲ್ಲ ಬಾ," ಎಂದಳು. "ಅವರು ಕೆಲಸದಲ್ಲಿದ್ದಾರೆ."